ಅಪ್‌ಡೇಟ್: ಕಾಣೆಯಾಗಿದ್ದ ಸೋದರಮಾವ ಸಿಕ್ಕರು

ಗಂಗಾವತಿಯಿಂದ ಕಾಣೆಯಾದ ನಮ್ಮ ಸೋದರಮಾವನನ್ನು ಪ್ರಶ್ನೆ ಶಾಸ್ತ್ರದಿಂದ (ಪ್ರಶ್ನೆ ಕೇಳಿದ ಹೊತ್ತಿನ ಕುಂಡಲಿ ನೋಡಿ ಉತ್ತರ ಹೇಳುವ ಜ್ಯೋತಿಷ್ಯ) ಹುಡುಕಬಹುದಾ ಅಂತ ಹೋದ ವಾರ ಕೇಳಿದ್ದೆ ಅಲ್ವಾ, ಮಾವ ಸಿಕ್ಕಿದ್ದಾರೆ, ಆರಾಮ ಇದ್ದಾರೆ.

ಅವ್ವನ ಸಮಾಧಾನಕ್ಕೆ ಜ್ಯೋತಿಷಿಗಳ ಹತ್ತಿರ ಹೋಗಿದ್ದೆವು. 1ರಿಂದ 249ರೊಳಗೆ ಒಂದು ಸಂಖ್ಯೆ ಹೇಳಿ ಅಂದರು. 27 ನಕ್ಷತ್ರಕ್ಕೆ ಒಂಬತ್ತೊಂಬತ್ತು ಭಾಗ ಮಾಡಿದರೆ 243, ರಾಶಿಯ ಗಡಿಯಲ್ಲಿ ಕೆಲವು ಭಾಗ ಎರಡಾಗಿ ಒಡೆಯುವುದರಿಂದ ಇನ್ನೂ 6 ಸೇರಿ 249 ಅಂತೆ. ಇದು ಕೃಷ್ಣಮೂರ್ತಿ ಪದ್ಧತಿ ಅನ್ನೋ ಜ್ಯೋತಿಷ್ಯದ ಕ್ರಮ. ಅವ್ವ 108 ಅಂದಳು, ಮತ್ತೇನು ಅಂತಾಳೆ! ಆ ಹೊತ್ತಿನ ಕುಂಡಲಿ ಹಾಕಿ, ಜೀವಕ್ಕೆ ಅಪಾಯವಿಲ್ಲ, ಪೂರ್ವಕ್ಕೆ, ನೀರಿನ ಹತ್ತಿರ ಅಂದರು. ಅದಕ್ಕೇ ಹೊಳೆ ಮೇಲಿನ ಕಂಪ್ಲಿ ಸೇತುವೆ ಕಡೆ ಸುಮ್ನೆ ಅರ್ಧ ದಿನ ಅಲೆದೆವು.

ಪೊಲೀಸರಿಗೆ ಇದನ್ನು ಹೇಳಿದರೆ ಒಬ್ಬರೂ ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ. ಅವರು ಕೇಳಿದ್ದು ಬೇರೆ: ಇತ್ತೀಚಿನ ಫೋಟೊ, ಉಟ್ಟ ಬಟ್ಟೆ, ಕೈಯಲ್ಲಿ ದುಡ್ಡು ಎಷ್ಟಿತ್ತು, ಮೊದಲು ಎಲ್ಲಿಗೆಲ್ಲ ಹೋಗುತ್ತಿದ್ದರು. ಬಸ್ ನಿಲ್ದಾಣದ ಸಿಸಿಟಿವಿಯಲ್ಲಿ ಮಾವ ಹುಲಿಗಿ ಬಸ್ ಹತ್ತಿದ್ದು ಕಂಡಿತು. ಹುಲಿಗೆಮ್ಮನ ಗುಡಿ ಹತ್ತಿರವೇ ಕೂತಿದ್ದರು. ಅದು ನಮಗೆ ನೈಋತ್ಯ, ಪೂರ್ವ ಅಲ್ಲ.

ಜ್ಯೋತಿಷಿಗಳಿಗೆ ಫೋನ್ ಮಾಡಿದರೆ, "ನೀರಿನ ಹತ್ತಿರ ಅಂದಿದ್ದೆನಲ್ಲ" ಅಂದರು. ಹೊಳೆ, ಕಾಲುವೆ ಬಿಟ್ಟು ನಮ್ಮ ಕಡೆ ಜಾಗ ಎಲ್ಲಿದೆ ಸ್ವಾಮಿ? ಅವ್ವ ಮಾತ್ರ ದಕ್ಷಿಣೆ ಕಳಿಸಿದ್ದಾಳೆ.