2026ರ ಫುಟ್‌ಬಾಲ್ ವಿಶ್ವಕಪ್ ಅಂದಾಜು: ಲೀಗ್ ದೊಡ್ಡದಾದರೆ ದೇಶದ ತಂಡವೂ ಗೆಲ್ಲುತ್ತಾ?

ದಾವಣಗೆರೆ ವಿಂಗರ್:

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ 2026ರ ವಿಶ್ವಕಪ್‌ಗೆ ಅಂದಾಜು ಸ್ಪರ್ಧೆ ಇಟ್ಟಿದ್ದಾರೆ. ಗುಂಪು ಹಂತದಿಂದ ಫೈನಲ್‌ವರೆಗೆ ಎಲ್ಲವನ್ನೂ ಮೊದಲೇ ಬರೆದು ಕೊಡಬೇಕು. ಈ ಸಲ 48 ತಂಡ, 12 ಗುಂಪು. ಅರ್ಧ ತಂಡಗಳ ಆಟ ನಾನು ನೋಡಿಯೇ ಇಲ್ಲ.

ನನ್ನ ಪಕ್ಕದ ಸೀಟಿನ ಗೆಳೆಯನ ಲೆಕ್ಕ ತುಂಬಾ ಸುಲಭ. ಯಾವ ದೇಶದ ಲೀಗ್ ಚೆನ್ನಾಗಿದೆಯೋ ಆ ದೇಶ ಮುಂದೆ ಹೋಗುತ್ತೆ ಅಂತಾನೆ. ಹಾಗಾಗಿ ಇಂಗ್ಲೆಂಡ್ ಚಾಂಪಿಯನ್, ಸೌದಿ ಅರೇಬಿಯಾ ಕ್ವಾರ್ಟರ್‌ಫೈನಲ್ ಅಂತ ಬರೆದಿದ್ದಾನೆ. ಸೌದಿಗೆ ಅವನ ಕಾರಣ ಏನಂದ್ರೆ, ರೊನಾಲ್ಡೊ, ಬೆಂಜೆಮಾ ಎಲ್ಲ ಅಲ್ಲೇ ಆಡ್ತಾರೆ, 2025ರ ಕ್ಲಬ್ ವಿಶ್ವಕಪ್‌ನಲ್ಲಿ ಸೌದಿ ಕ್ಲಬ್ ಅಲ್-ಹಿಲಾಲ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯನ್ನೇ 4-3ರಿಂದ ಸೋಲಿಸಿತು.

ನನಗೆ ಯಾಕೋ ಇದು ಒಪ್ಪಿಗೆ ಆಗ್ತಿಲ್ಲ. ಆದರೆ ಎದುರು ವಾದ ಮಾಡೋಕೆ ಗಟ್ಟಿ ಕಾರಣವೂ ಸಿಗ್ತಿಲ್ಲ. ಲೀಗ್ ನೋಡಿ ದೇಶದ ತಂಡದ ಬಲ ಹೇಳಬಹುದಾ? ಹೇಳಬಹುದು ಅಂದ್ರೆ ಲೀಗಿನಲ್ಲಿ ಏನನ್ನು ನೋಡಬೇಕು?

ರಿಯಾದ್ ಕನ್ನಡಿಗ:

ನಾನು ಹಲವು ವರ್ಷಗಳಿಂದ ರಿಯಾದ್‌ನಲ್ಲಿದ್ದೇನೆ. ಸೈಟ್ ಎಂಜಿನಿಯರ್ ಕೆಲಸ. ಜೊತೆಗಿರುವ ಸೌದಿ ಹುಡುಗರಲ್ಲಿ ಅರ್ಧ ಜನ ಹಿಲಾಲ್ ಕ್ಲಬ್ ಕಡೆ, ಅರ್ಧ ಜನ ನಸ್ರ್ ಕ್ಲಬ್ ಕಡೆ. ಈ ಲೀಗ್ ಹೇಗೆ ಬದಲಾಯಿತು ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ನಿಮ್ಮ ಗೆಳೆಯನಿಗೆ ಸೌದಿಯಿಂದಲೇ ಉತ್ತರ ಶುರು ಮಾಡ್ತೀನಿ.

2022ರ ನವೆಂಬರ್ 22ರಂದು ಕತಾರ್ ವಿಶ್ವಕಪ್‌ನಲ್ಲಿ, ಲುಸೈಲ್‌ನಲ್ಲಿ ಸೌದಿ ತಂಡ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತಲ್ಲ, ಮರುದಿನ ಇಲ್ಲಿ ದೇಶಕ್ಕೆಲ್ಲ ರಜೆ ಕೊಟ್ಟರು. ಆ ತಂಡದ 26 ಆಟಗಾರರೂ ಸೌದಿ ಲೀಗಿನವರೇ, ಅದರಲ್ಲೂ ಹಿಲಾಲ್‌ನವರು ಜಾಸ್ತಿ. ಅವತ್ತು ಅವರ ಡಿಫೆನ್ಸ್ ಸಾಲು ಎಷ್ಟು ಮುಂದೆ ನಿಂತಿತ್ತು ಅಂತ ನೆನಪಿದೆಯಾ? ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಆಗಿ, ಅಂದ್ರೆ ಆ ಸಾಲನ್ನು ಮೊದಲೇ ದಾಟಿದ್ದಕ್ಕೆ, ರದ್ದಾದವು. ವಾರ ವಾರ ಒಟ್ಟಿಗೆ ಆಡಿದವರು ಮಾತ್ರ ಅಂಥ ಸಾಲು ಕಟ್ಟೋಕೆ ಸಾಧ್ಯ. ಹಿಂದೆ ಗೋಲಿನಲ್ಲಿ ಹಿಲಾಲ್‌ನ ಮೊಹಮ್ಮದ್ ಅಲ್-ಒವೈಸ್ ಇದ್ದರು. ದ್ವಿತೀಯಾರ್ಧದಲ್ಲಿ ಅವರು ತಡೆದ ಚೆಂಡುಗಳನ್ನು ಇಲ್ಲಿನವರು ಇವತ್ತಿಗೂ ನೆನೆಸಿಕೊಳ್ತಾರೆ.

ಆಮೇಲೆ ದುಡ್ಡು ಬಂತು. 2023ರ ಜೂನ್‌ನಲ್ಲಿ ಸರ್ಕಾರದ ಹೂಡಿಕೆ ನಿಧಿ ಹಿಲಾಲ್, ನಸ್ರ್, ಇತ್ತಿಹಾದ್, ಅಹ್ಲಿ ಈ ನಾಲ್ಕು ಕ್ಲಬ್‌ಗಳಲ್ಲಿ ಶೇ 75ರಷ್ಟು ಪಾಲು ತೆಗೆದುಕೊಂಡಿತು. ವಿದೇಶಿ ಆಟಗಾರರ ಮಿತಿ ಎಂಟಕ್ಕೆ ಏರಿತು, ಮುಂದಿನ ವರ್ಷ ಹತ್ತಾಯಿತು. ಹಿಲಾಲ್‌ಗೆ ಮೊರಾಕ್ಕೊದ ಬೋನೊ ಬಂದರು, ಅಲ್-ಒವೈಸ್ ಬೆಂಚಿಗೆ ಹೋದರು. ಅಹ್ಲಿಗೆ ಸೆನೆಗಲ್‌ನ ಮೆಂಡಿ, ನಸ್ರ್‌ಗೆ ಬ್ರೆಜಿಲ್‌ನ ಬೆಂಟೊ, ಇತ್ತಿಹಾದ್‌ಗೆ ಸರ್ಬಿಯಾದ ರಾಯ್ಕೊವಿಚ್. ನಾಲ್ಕೂ ದೊಡ್ಡ ಕ್ಲಬ್‌ಗಳು ಹೊರಗಿನಿಂದ ಗೋಲ್‌ಕೀಪರ್ ತಂದವು! ಲೀಗ್ ಖಂಡಿತ ಚೆನ್ನಾಗಾಯಿತು. ಸಿಟಿಯನ್ನು ಸೋಲಿಸಿದ ಹಿಲಾಲ್ ಅದಕ್ಕೆ ಸಾಕ್ಷಿ. ಆದರೆ ಆ ಪಂದ್ಯದಲ್ಲಿ ಬೋನೊ ಎಷ್ಟು ತಡೆದರು ಅಂತ ನೋಡಿ. ಅವರು ವಿಶ್ವಕಪ್‌ನಲ್ಲಿ ಆಡೋದು ಮೊರಾಕ್ಕೊಗೆ.

ದೇಶದ ತಂಡ ಏನಾಯಿತು? 2024ರ ಆರಂಭದಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ 16ರ ಘಟ್ಟದಲ್ಲೇ ದಕ್ಷಿಣ ಕೊರಿಯಾ ಎದುರು ಪೆನಾಲ್ಟಿಯಲ್ಲಿ ಸೋತರು. ನಮ್ಮ ಹುಡುಗರಿಗೆ ಕ್ಲಬ್‌ನಲ್ಲಿ ಆಡೋಕೆ ಅವಕಾಶವೇ ಸಿಗ್ತಿಲ್ಲ ಅಂತ ಆಗಿನ ಕೋಚ್ ಮಾನ್ಚಿನಿ ಬಹಿರಂಗವಾಗಿ ಹೇಳಿದರು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಜಪಾನ್, ಆಸ್ಟ್ರೇಲಿಯಾ ನೇರವಾಗಿ ಹೋದವು. ಸೌದಿಗೆ ಇನ್ನೊಂದು ಸುತ್ತು ಆಡಬೇಕಾಯಿತು, ಕೊನೆಗೆ ಜೆದ್ದಾದಲ್ಲಿ ಇರಾಕ್ ಜೊತೆ 0-0 ಮಾಡಿಕೊಂಡು ಟಿಕೆಟ್ ಸಿಕ್ಕಿತು.

ಹಾಗಾದರೆ ಲೀಗ್ ನೋಡಲೇಬಾರದಾ? ನೋಡಬೇಕು. ಆದರೆ ಮೇಲಿನ ಎರಡು ಕ್ಲಬ್ ನೋಡಬೇಡಿ. ನಾಲ್ಕನೆಯದು, ಆರನೆಯದು, ಎಂಟನೆಯದು ನೋಡಿ. ಅಲ್ಲಿ ಗೋಲಿನಲ್ಲಿ ಯಾರಿದ್ದಾರೆ, ಮುಂದೆ ಗೋಲು ಹೊಡೆಯೋದು ಯಾರು? ಆ ದೇಶದವರೇ ಇದ್ದರೆ ಲೀಗ್ ದೇಶಕ್ಕೆ ಉಪಯೋಗಕ್ಕೆ ಬರುತ್ತಿದೆ ಅಂತ ಅರ್ಥ.

ಸ್ಪೇನ್ ನೋಡಿ. ಯುರೋಪಿನ ದೇಶಗಳ ಟೂರ್ನಿ ಯುರೋ 2024ರ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಪೇನ್ ಪರ ಗೋಲು ಹೊಡೆದವರು ನಿಕೊ ವಿಲಿಯಮ್ಸ್ ಮತ್ತು ಒಯಾರ್ಸಬಾಲ್. ಒಬ್ಬರು ಅಥ್ಲೆಟಿಕ್ ಬಿಲ್ಬಾವೊ, ಇನ್ನೊಬ್ಬರು ರಿಯಲ್ ಸೊಸಿಯೆದಾದ್. ಗೋಲ್‌ಕೀಪರ್ ಉನಾಯ್ ಸಿಮೋನ್ ಕೂಡ ಬಿಲ್ಬಾವೊ. ಆ ಕ್ಲಬ್ ಬಾಸ್ಕ್ ಪ್ರದೇಶದಲ್ಲಿ ಹುಟ್ಟಿದವರನ್ನು ಅಥವಾ ಅಲ್ಲೇ ಆಟ ಕಲಿತವರನ್ನು ಮಾತ್ರ ಆಡಿಸುತ್ತೆ. ಸ್ಪೇನ್ ಗೆಲ್ಲೋದು ಮ್ಯಾಡ್ರಿಡ್, ಬಾರ್ಸಾದಂಥ ದೊಡ್ಡ ಕ್ಲಬ್‌ಗಳಿಂದ ಮಾತ್ರ ಅಲ್ಲ. ಇಂಥ ಮಧ್ಯಮ ಕ್ಲಬ್‌ಗಳು ತಮ್ಮ ಊರಿನ ಹುಡುಗರನ್ನು ಧೈರ್ಯವಾಗಿ ಇಳಿಸುತ್ತವೆ, ಅದರಿಂದ.

ಲೀಡ್ಸ್‌ನಲ್ಲಿ ಧಾರವಾಡದವ:

ರಿಯಾದ್ ಸರ್ ಹೇಳಿದ್ದು ಸೌದಿ ಮಟ್ಟಿಗೆ ಸರಿ. ಆದರೆ ಇಂಗ್ಲೆಂಡ್ ವಿಷಯದಲ್ಲಿ ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ.

ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾಯಿತು. ಇಂಗ್ಲೆಂಡ್ ವಿಶ್ವಕಪ್ ಗೆದ್ದದ್ದು 1966ರಲ್ಲಿ. ಅಂದ್ರೆ ಲೀಗ್ ಬಂದ ಮೇಲೆ ಒಂದೂ ಇಲ್ಲ. ಇದನ್ನೇ ಎಲ್ಲರೂ ಹೇಳ್ತಾರೆ. ಆದರೆ 2012ರಲ್ಲಿ ಕ್ಲಬ್ ಅಕಾಡೆಮಿಗಳ ನಿಯಮ ಬದಲಾಯಿಸಿ, ಲೀಗಿನ ದುಡ್ಡನ್ನು ಮಕ್ಕಳ ತರಬೇತಿಗೆ ಹರಿಸಿದರು. ಫಲ ಎಲ್ಲಿ ಕಂಡಿತು ಗೊತ್ತಾ? ನಮ್ಮ ಕೋಲ್ಕತ್ತಾದಲ್ಲಿ! 2017ರ ಅಂಡರ್-17 ವಿಶ್ವಕಪ್ ಫೈನಲ್, ಸಾಲ್ಟ್ ಲೇಕ್ ಕ್ರೀಡಾಂಗಣ. ಸ್ಪೇನ್ ವಿರುದ್ಧ 0-2ರಿಂದ ಹಿಂದಿದ್ದ ಇಂಗ್ಲೆಂಡ್ ಹುಡುಗರು 5-2ರಿಂದ ಗೆದ್ದರು. ಅಂದು ಟೂರ್ನಿಯ ಅತ್ಯುತ್ತಮ ಆಟಗಾರನ ಗೋಲ್ಡನ್ ಬಾಲ್ ಪಡೆದವರು ಫಿಲ್ ಫೋಡನ್. ಅದೇ ವರ್ಷ ಅಂಡರ್-20 ವಿಶ್ವಕಪ್ ಕೂಡ ಇಂಗ್ಲೆಂಡ್‌ಗೇ ಹೋಯಿತು.

ಆಮೇಲಿನದ್ದನ್ನು ನೋಡಿ. 2018ರಲ್ಲಿ ಸೆಮಿಫೈನಲ್, ಎರಡು ಯುರೋ ಫೈನಲ್. ಕೋಚ್ ಆಗಿ ಟೂಹೆಲ್ ಬಂದ ಮೇಲೆ ಈ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಎಂಟಕ್ಕೆ ಎಂಟು ಪಂದ್ಯ ಗೆದ್ದಿದ್ದಾರೆ, ಒಂದೂ ಗೋಲು ಬಿಟ್ಟುಕೊಟ್ಟಿಲ್ಲ. ವಿದೇಶಿಯರು ತುಂಬಿದ ಲೀಗಿನಲ್ಲಿ ಜಾಗ ಹಿಡಿಯುವ ಇಂಗ್ಲಿಷ್ ಹುಡುಗ ನಿಜವಾಗಿಯೂ ಒಳ್ಳೆಯ ಆಟಗಾರನೇ ಆಗಿರ್ತಾನೆ. ಸಂಖ್ಯೆ ಕಡಿಮೆ, ಆದರೆ ಪೈಪೋಟಿ ಅವರನ್ನು ಗಟ್ಟಿ ಮಾಡಿದೆ. ನಾನಂತೂ ಇಂಗ್ಲೆಂಡ್‌ಗೆ ಫೈನಲ್ ಕೊಡ್ತೀನಿ.

ಆಸ್ಟಿನ್ ಟೌನ್ ಕೋಚ್:

ವಿಶ್ವಕಪ್ ಮಾತಿನ ಮಧ್ಯೆ ನಮ್ಮ ಲೀಗಿನ ಮಾತು ತರ್ತಿದ್ದೀನಿ. ಕ್ಷಮಿಸಿ, ಆದರೆ ಇದು ಅದೇ ವಿಷಯ.

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾಯಿತು. ಮೊದಲ ವರ್ಷಗಳಲ್ಲಿ ಅಂಗಳದಲ್ಲಿ ಒಮ್ಮೆಗೆ ಆರು ವಿದೇಶಿಯರು ಆಡಬಹುದಿತ್ತು. ನಂತರ ನಾಲ್ಕಕ್ಕೆ ಇಳಿಸಿದರು. ಆ ನಾಲ್ವರನ್ನು ಕ್ಲಬ್‌ಗಳು ಎಲ್ಲಿ ಆಡಿಸುತ್ತವೆ? ಮೈದಾನದ ನಡುವಿನ ಮುಖ್ಯ ಜಾಗಗಳಲ್ಲಿ: ಸೆಂಟರ್ ಬ್ಯಾಕ್, ನಡು ಮಿಡ್‌ಫೀಲ್ಡ್, ಸ್ಟ್ರೈಕರ್. ಭಾರತದ ಹುಡುಗರಿಗೆ ಉಳಿಯೋದು ಗೋಲ್‌ಕೀಪರ್, ಇಲ್ಲವೇ ಅಂಚಿನ ಜಾಗಗಳಾದ ಫುಲ್ ಬ್ಯಾಕ್, ವಿಂಗ್. 2014ರಿಂದ 2025ರವರೆಗೆ ಐಎಸ್‌ಎಲ್ ಗೋಲ್ಡನ್ ಬೂಟ್ (ಅತಿ ಹೆಚ್ಚು ಗೋಲು ಹೊಡೆದವರ ಪ್ರಶಸ್ತಿ) ಒಮ್ಮೆಯೂ ಭಾರತದವರಿಗೆ ಬಂದಿಲ್ಲ. 2024-25ರಲ್ಲಿ ಅದನ್ನು ಪಡೆದದ್ದು 23 ಗೋಲು ಹೊಡೆದ ಮೊರಾಕ್ಕೊದ ಅಜರಾಯಿ. ಭಾರತದವರಲ್ಲಿ ಮುಂದಿದ್ದವರು 14 ಗೋಲಿನ ಸುನಿಲ್ ಛೆಟ್ರಿ, ಅದೂ 40ನೇ ವಯಸ್ಸಿನಲ್ಲಿ.

ಇದರ ಪೆಟ್ಟು ಬೀಳೋದು ದೇಶದ ತಂಡಕ್ಕೆ. 2024ರ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರ ಎದುರೂ ಸೋತೆವು. ಮೂರು ಪಂದ್ಯದಲ್ಲಿ ಒಂದು ಗೋಲೂ ಇಲ್ಲ. ನಿವೃತ್ತಿ ಹೇಳಿದ್ದ ಛೆಟ್ರಿಯನ್ನು 2025ರಲ್ಲಿ ಮತ್ತೆ ಕರೆಯಬೇಕಾಯಿತು. ಆದರೂ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2ರಿಂದ ಸೋತು 2027ರ ಏಷ್ಯಾ ಕಪ್ ಅವಕಾಶ ಕಳೆದುಕೊಂಡೆವು.

ನಾನು ಇಲ್ಲಿ ಮಕ್ಕಳಿಗೆ ಆಟ ಹೇಳಿಕೊಡ್ತೀನಿ. ಗೋಲಿನ ಮುಂದೆ ತಣ್ಣಗೆ ನಿಂತು ಹೊಡೆಯಬಲ್ಲ ಹುಡುಗರಿದ್ದಾರೆ. ಆದರೆ ಟ್ರಯಲ್‌ಗೆ ಹೋದರೆ "ವಿಂಗ್‌ನಲ್ಲಿ ಆಡ್ತೀಯಾ?" ಅಂತಲೇ ಕೇಳ್ತಾರೆ. ಹದಿನಾರಕ್ಕೆ ಸ್ಟ್ರೈಕರ್ ಆಗಿದ್ದವನು ಹತ್ತೊಂಬತ್ತಕ್ಕೆ ವಿಂಗರ್ ಆಗಿರ್ತಾನೆ. ನನಗೆ ಸಂಕಟ ಆಗೋದು ಅಲ್ಲಿ.

ರಿಯಾದ್ ಸರ್, 2023ರಲ್ಲಿ ನಮ್ಮವರು ಅಲ್ಲೇ ಬಂದು ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದರಲ್ಲ, ನೋಡಿದ್ರಾ?

ರಿಯಾದ್ ಕನ್ನಡಿಗ:

ನೋಡದೆ ಇರ್ತೀನಾ ಕೋಚ್! ಮಾರ್ಚ್ 4, ಕಿಂಗ್ ಫಹದ್ ಕ್ರೀಡಾಂಗಣ. ಮೇಘಾಲಯದ ಎದುರು 3-2. ಕರ್ನಾಟಕಕ್ಕೆ 54 ವರ್ಷದ ಮೇಲೆ ಬಂದ ಕಪ್. ಬಾವುಟ ಹಿಡಿದು ಕೂಗಿ ಕೂಗಿ ಗಂಟಲು ಕಟ್ಟಿತ್ತು. ನಿಮ್ಮ ಮಾತಿಗೆ ಅದೇ ಸಾಕ್ಷಿ. ಸಂತೋಷ್ ಟ್ರೋಫಿಯಲ್ಲಿ ವಿದೇಶಿಯರಿಲ್ಲ, ಐದೂ ಗೋಲು ನಮ್ಮ ದೇಶದ ಹುಡುಗರದ್ದೇ. ಹೊಡೆಯುವವರು ಇದ್ದಾರೆ, ಮೇಲಿನ ಮಟ್ಟದಲ್ಲಿ ಅವರಿಗೆ ಆ ಜಾಗ ಸಿಗಬೇಕು ಅಷ್ಟೇ.

ದಾವಣಗೆರೆ ವಿಂಗರ್:

ತುಂಬಾ ಧನ್ಯವಾದ ಎಲ್ಲರಿಗೂ. ಒಂದು ಅನುಮಾನ ಉಳಿದಿದೆ. 2022ರ ಅರ್ಜೆಂಟೀನಾ ತಂಡದಲ್ಲಿ ಸ್ವಂತ ಲೀಗಿನವರು ಗೋಲ್‌ಕೀಪರ್ ಅರ್ಮಾನಿ ಒಬ್ಬರೇ. ಆದರೂ ಕಪ್ ಗೆದ್ದರು. ಕತಾರ್ ತಂಡ ಪೂರ್ತಿ ಸ್ವಂತ ಲೀಗಿನದು, ಅದೇ ವಿಶ್ವಕಪ್‌ನಲ್ಲಿ ಮೂರಕ್ಕೆ ಮೂರೂ ಸೋತರು. ಹಾಗಾದರೆ ಸರ್ ಹೇಳಿದ ಅಳತೆ ಇಲ್ಲಿ ಹೇಗೆ ಕೂರುತ್ತೆ? ಜಪಾನ್ ಬಗ್ಗೆಯೂ ಹೇಳಿ.

ರಿಯಾದ್ ಕನ್ನಡಿಗ:

ಒಳ್ಳೆಯ ಪ್ರಶ್ನೆ. ಲೀಗ್‌ಗೆ ಇರುವುದು ಹುಡುಗನನ್ನು 17ರಿಂದ 21ರವರೆಗೆ ದೊಡ್ಡವರ ಪಂದ್ಯದಲ್ಲಿ ಆಡಿಸುವ ಕೆಲಸ. ಆಮೇಲೆ ಅವನು ಎಲ್ಲಿ ಬೇಕಾದರೂ ಹೋಗಲಿ. ಅರ್ಜೆಂಟೀನಾ ಅದನ್ನೇ ಮಾಡುತ್ತೆ. ಹೂಲಿಯನ್ ಆಲ್ವರೆಸ್, ಎನ್ಜೊ ಫೆರ್ನಾಂಡಿಸ್ ಇಬ್ಬರೂ ಅಲ್ಲಿನ ರಿವರ್ ಪ್ಲೇಟ್ ಕ್ಲಬ್‌ನಲ್ಲಿ ಆಡಿ ಬೆಳೆದು, 2022ರಲ್ಲೇ ಯುರೋಪಿಗೆ ಹೋದವರು. ಕತಾರ್ ಹುಡುಗರನ್ನು ಬೆಳೆಸಿತು, ಆದರೆ ಹೊರಗೆ ಕಳಿಸಿದ್ದು ತೀರಾ ಕಡಿಮೆ. ಆ ಮಟ್ಟ ಏಷ್ಯಾಗೆ ಸಾಕಾಯಿತು, 2019ರಲ್ಲೂ 2024ರಲ್ಲೂ ಏಷ್ಯಾ ಕಪ್ ಗೆದ್ದರು. ಸೆನೆಗಲ್, ನೆದರ್ಲೆಂಡ್ಸ್ ಎದುರು ಆಟದ ವೇಗಕ್ಕೇ ಸೋತರು.

ಜಪಾನ್ ಎರಡನ್ನೂ ಮಾಡಿದೆ. ಜೆ ಲೀಗ್ ಶುರುವಾದದ್ದು 1993ರಲ್ಲಿ, ಮೊದಲ ವಿಶ್ವಕಪ್ 1998ರಲ್ಲಿ. 2022ರಲ್ಲಿ ಜರ್ಮನಿ, ಸ್ಪೇನ್ ಇಬ್ಬರನ್ನೂ 2-1ರಿಂದ ಸೋಲಿಸಿದ ತಂಡದಲ್ಲಿ ಜೆ ಲೀಗಿನವರು ಏಳೇ ಜನ, ಉಳಿದವರು ಯುರೋಪಿನಲ್ಲಿದ್ದವರು. ಆದರೆ ಆ ತಂಡದ ಮಿತೊಮಾ ಥರದವರು ಮೊದಲು ಆಡಿದ್ದು ಜೆ ಲೀಗಿನಲ್ಲೇ. 2025ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಬ್ರೆಜಿಲ್ ಎದುರು 0-2 ಹಿಂದಿದ್ದು 3-2ರಿಂದ ಗೆದ್ದರು.

ಈಗ ನಿಮ್ಮ ಕಾಗದಕ್ಕೆ ಬರೋಣ. ವೇಳಾಪಟ್ಟಿಯನ್ನು ಒಮ್ಮೆ ಸರಿಯಾಗಿ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಜಪಾನ್ ಇರುವ ಎಫ್ ಗುಂಪಿನ ಮೊದಲಿಬ್ಬರು 32ರ ಘಟ್ಟದಲ್ಲಿ ಸಿ ಗುಂಪಿನ ಮೊದಲಿಬ್ಬರನ್ನೇ ಎದುರಿಸಬೇಕು. ಅಲ್ಲಿರೋದು ಬ್ರೆಜಿಲ್, ಮೊರಾಕ್ಕೊ. ಜಪಾನ್ ದಾಟುತ್ತೆ ಅನ್ನೋದು ನನ್ನ ನಂಬಿಕೆ, ಆದರೆ ನಿಮ್ಮ ಸ್ಪರ್ಧೆಯ ಅಂಕ ಮುಖ್ಯ ಅಂದ್ರೆ ಅಲ್ಲಿ ಧೈರ್ಯ ಬೇಕು. ಸ್ಪೇನ್, ಫ್ರಾನ್ಸ್ ತಮ್ಮ ಗುಂಪು ಗೆದ್ದು ಮುಂದೆ ಬಂದರೆ ಸೆಮಿಫೈನಲ್‌ನಲ್ಲೇ ಎದುರಾಗ್ತಾರೆ. ಹಾಗಾಗಿ ಅವರಿಬ್ಬರನ್ನೂ ಒಟ್ಟಿಗೆ ಫೈನಲ್‌ಗೆ ಬರೆಯಬೇಡಿ, ಒಬ್ಬರನ್ನೇ ಆರಿಸಿ. ಇನ್ನೊಂದು ಕಡೆ ಹೀಗೇ ಅರ್ಜೆಂಟೀನಾ, ಇಂಗ್ಲೆಂಡ್. ಧಾರವಾಡದವರ ಮಾತಿಗೆ ಬೆಲೆ ಕೊಟ್ಟು ಇಂಗ್ಲೆಂಡ್‌ಗೆ ಫೈನಲ್ ಕೊಡ್ತೀನಿ. ಕಪ್ ಸ್ಪೇನ್‌ಗೆ.

ಸೌದಿ ಇರೋದು ಎಚ್ ಗುಂಪಿನಲ್ಲಿ. ಸ್ಪೇನ್, ಉರುಗ್ವೆ, ಕೇಪ್ ವರ್ಡಿ ಜೊತೆ. ಇಲ್ಲಿ ಎರಡನೆಯವರಾದರೆ ಜೆ ಗುಂಪು ಗೆದ್ದವರನ್ನು ಎದುರಿಸಬೇಕು, ಅದು ಬಹುಶಃ ಅರ್ಜೆಂಟೀನಾ. ಕ್ವಾರ್ಟರ್‌ಫೈನಲ್ ಮಾತು ದೂರ. ಆದರೆ ಮೂರನೇ ಸ್ಥಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 12 ಗುಂಪಿನ ಮೂರನೆಯವರಲ್ಲಿ ಎಂಟು ತಂಡ ಮುಂದೆ ಹೋಗ್ತವೆ. ಅಂಕ ಸಮ ಆದರೆ ಗೋಲು ವ್ಯತ್ಯಾಸ ನೋಡ್ತಾರೆ. ಸೌದಿ, ಕೇಪ್ ವರ್ಡಿ ಪಂದ್ಯದಲ್ಲೇ ಈ ಗುಂಪಿನ ಮೂರನೇ ಸ್ಥಾನ ತೀರ್ಮಾನ ಆಗುತ್ತೆ. ಐದು ಲಕ್ಷ ಚಿಲ್ಲರೆ ಜನ ಇರುವ ಆ ದ್ವೀಪದೇಶ ಕ್ಯಾಮರೂನ್‌ನ್ನು ಹಿಂದೆ ಹಾಕಿ ಬಂದಿದೆ, ಅವರ ಆಟಗಾರರು ಹತ್ತಾರು ದೇಶದ ಲೀಗಿನಲ್ಲಿ ವಾರ ವಾರ ಆಡ್ತಿದ್ದಾರೆ. ನನ್ನ ಸೌದಿ ಗೆಳೆಯರಿಗೆ ಬೇಜಾರಾಗಬಹುದು, ಆದರೂ ಮೂರನೇ ಜಾಗ ಕೇಪ್ ವರ್ಡಿಗೆ ಬರೆಯಿರಿ.