ಸೊರಗಿದ ಕುದುರೆಗೆ ಮೊದಲ ಹತ್ತು ದಿನ ಏನು ಕೊಡಬೇಕು?

ಖಾಲಿಸೈಟು:
ಥಣಿಸಂದ್ರದ ಹತ್ತಿರ ಒಂದು ಸೈಟಿನಲ್ಲಿ ಮದುವೆ ಮೆರವಣಿಗೆಯ ಹೆಣ್ಣು ಕುದುರೆಯನ್ನು ಕಟ್ಟಿಹಾಕಿದ್ದಾರೆ. ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿವೆ. ಬಾಯಿಯ ಎರಡೂ ಮೂಲೆ ಹರಿದಿದೆ, ಮುಂಗಾಲಿನ ಹಗ್ಗದ ಗಾಯದಲ್ಲಿ ಹುಳ ಬಿದ್ದಿದೆ. ಕೈಗೆ ಬಂದರೆ ಇಡೋಕೆ ಯಲಹಂಕದಲ್ಲಿ ಶೆಡ್ ಇದೆ, ಅಲ್ಲಿ ಬೇರೆ ಎರಡು ಕುದುರೆ ಇವೆ. ಬೇಯಿಸಿದ ಹುರುಳಿ, ಬೆಲ್ಲ ಕೊಡಿ ಅಂತ ಎಲ್ಲರೂ ಹೇಳ್ತಿದ್ದಾರೆ. ಕೊಡಬಹುದಾ?

ಲದ್ದಿಲೆಕ್ಕ:
ಬೇಡ. ಹುರುಳಿ, ಬೆಲ್ಲ, ಬೂಸಾ, ಓಟ್ಸ್ ಯಾವುದೂ ಬೇಡ. ಬಹಳ ದಿನ ಉಪವಾಸವಿದ್ದ ಮೈಗೆ ಪಿಷ್ಟ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತೆ. ಅದರ ಜೊತೆ ರಕ್ತದಲ್ಲಿರುವ ಫಾಸ್ಫರಸ್, ಮೆಗ್ನೀಸಿಯಂ, ಪೊಟ್ಯಾಸಿಯಂ ಜೀವಕೋಶದೊಳಗೆ ಹೋಗಿಬಿಡುತ್ತವೆ. ಮೂರು–ಐದು ದಿನಕ್ಕೆ ಹೃದಯ, ಉಸಿರು ಕೈಕೊಡಬಹುದು. ‘ಚೆನ್ನಾಗಿ ತಿಂತಿತ್ತು, ಇದ್ದಕ್ಕಿದ್ದಂತೆ ಬಿತ್ತು’ ಅಂತಾರಲ್ಲ, ಎಷ್ಟೋ ಸಲ ಇದೇ.

ಮೊದಲು ತೂಕ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಆಮೇಲೆ ಭುಜದ ತುದಿಯಿಂದ ಪೃಷ್ಠದ ತುದಿಗೆ ಉದ್ದ, ಎರಡೂ ಸೆಂ.ಮೀ.ನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ ÷ 11,880. ಸುತ್ತಳತೆ 150, ಉದ್ದ 130 ಬಂದರೆ ಸುಮಾರು 246 ಕಿಲೋ.

ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಪ್ರತಿ ಕಿಲೋ ತೂಕಕ್ಕೆ 1 ಗ್ರಾಂ, ನಾಲ್ಕು ಗಂಟೆಗೊಮ್ಮೆ. ಅಂದರೆ ಇದಕ್ಕೆ 250 ಗ್ರಾಂ, ದಿನಕ್ಕೆ ಆರು ಸಲ, ಮೂರು ದಿನ. ರಾತ್ರಿ ಎರಡು ಗಂಟೆಯದೂ ಸೇರಿ! ನಾಲ್ಕನೇ ದಿನದಿಂದ ಪ್ರಮಾಣ ಏರಿಸಿ, ಸರದಿ ಇಳಿಸಿ. ಆರನೇ ದಿನಕ್ಕೆ ಸುಮಾರು 1.1 ಕಿಲೋ, ಎಂಟು ಗಂಟೆಗೊಮ್ಮೆ. ಹತ್ತು ದಿನ ಕಳೆದ ಮೇಲೆ ತಿನ್ನುವಷ್ಟು, ಉಪ್ಪಿನ ಗಡ್ಡೆಯನ್ನೂ ಇಡಿ. ಕಾಳು ಆಮೇಲಿನ ಮಾತು.

ಖಾಲಿಸೈಟು:
ಒಣಗಿದ್ದು ಸಿಗ್ತಿಲ್ಲ, ಹಸಿ ಕಟ್ಟು ಮಾತ್ರ ಇದೆ. ರಾಗಿ ಹುಲ್ಲು ಹಾಕಲಾ?

ಲದ್ದಿಲೆಕ್ಕ:
ಹಸಿಯದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. 250 ಗ್ರಾಂ ಒಣ ಸೊಪ್ಪಿಗೆ ಬದಲಾಗಿ ಒಂದು ಕಿಲೋ ಹಸಿ ಅಂತ ಹಿಡೀರಿ. ಕಟ್ಟು ಬಿಸಿಯಾಗಿದ್ದರೆ, ಬೂಷ್ಟು ವಾಸನೆ ಬಂದರೆ ಎಸೀರಿ. ರಾಗಿ ಹುಲ್ಲಿನಲ್ಲಿ ನಾರು ಜಾಸ್ತಿ, ಪ್ರೋಟೀನ್ ಕಡಿಮೆ, ಈಗ ಅದರಿಂದ ಉಪಯೋಗವಿಲ್ಲ. ಲದ್ದಿ ಎಷ್ಟು ಸಲ ಬಿತ್ತು ಬರೆದಿಡಿ. ನಿಂತರೆ ಅದೇ ಮೊದಲ ಎಚ್ಚರಿಕೆ.

ಹೆಬ್ಬಾಳ_ವೆಟ್:
ಗಾಯದ ಬಗ್ಗೆ. ಟರ್ಪಂಟೈನ್, ಫಿನಾಯಿಲ್ ಸುರಿಯಬೇಡಿ. ಹುಳದ ಜೊತೆ ಹಸಿ ಮಾಂಸವೂ ಸುಡುತ್ತೆ. ಸುತ್ತ ಕೂದಲು ಕತ್ತರಿಸಿ, ಫೋರ್ಸೆಪ್ಸ್‌ನಿಂದ ಒಂದೊಂದೇ ತೆಗೆಯಿರಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ನಂತರ ಪೊವಿಡೋನ್ ಅಯೋಡಿನ್, ತಿಳಿ ಚಹಾದ ಬಣ್ಣಕ್ಕೆ ನೀರು ಬೆರೆಸಿ. ಟೆಟನಸ್ ಇಂಜೆಕ್ಷನ್ ತಪ್ಪಿಸಬೇಡಿ, ಕುದುರೆಗೆ ಅದು ಬೇಗ ತಗಲುತ್ತೆ.

ಅಂಗಡಿಯಿಂದ ನೋವಿನ ಮಾತ್ರೆ ತಂದು ಹಾಕಬೇಡಿ. ಮೈಯಲ್ಲಿ ನೀರಿಲ್ಲದಾಗ ಫೀನೈಲ್‌ಬ್ಯುಟಾಜೋನ್, ಫ್ಲುನಿಕ್ಸಿನ್ ಎರಡೂ ಕಿಡ್ನಿಗೆ ಏಟು. ಜಂತುಹುಳದ ಔಷಧಿಗೂ ಆತುರ ಬೇಡ. ಹೊಟ್ಟೆ ತುಂಬ ಹುಳ ಒಟ್ಟಿಗೆ ಸತ್ತರೆ ಹೊಟ್ಟೆನೋವು ಶುರುವಾಗುತ್ತೆ. ಸಹಜವಾಗಿ ಗುದದ ಉಷ್ಣತೆ 37.5–38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28–44. ನಾಡಿ 60 ದಾಟಿದರೆ ರಾತ್ರಿಯಾದರೂ ಕರೀರಿ.

ಇನ್ನೊಂದು: ಉಳಿದ ಎರಡು ಕುದುರೆಗಳ ಜೊತೆ ಕಟ್ಟಬೇಡಿ. ಗ್ಲಾಂಡರ್ಸ್ (ಕುದುರೆಗಳ ಅಂಟುರೋಗ) ಪರೀಕ್ಷೆಯ ವರದಿ ಬರುವವರೆಗೆ ಬಕೆಟ್, ಬ್ರಷ್, ಹಗ್ಗ ಎಲ್ಲ ಬೇರೆ. ಮೂಗಿನಲ್ಲಿ ಅಂಟು ಸಿಂಬಳ, ಕಾಲಿನ ಒಳಬದಿ ಗಂಟು ಕಂಡರೆ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಅದು ಮನುಷ್ಯರಿಗೂ ಬರುತ್ತೆ.

ಕಟಕಟೆ:
ಮಾಲೀಕ ಇರುವ ಕುದುರೆಯನ್ನು ನೀವೇ ಬಿಚ್ಚಿಕೊಂಡು ಹೋದರೆ ಕಳ್ಳತನದ ಕೇಸ್ ನಿಮ್ಮ ಮೇಲೇ. 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಪಶುವೈದ್ಯರ ಪ್ರಮಾಣಪತ್ರ, ದಿನಾಂಕ ಬೀಳುವ ಫೋಟೋ ಇರಲಿ. ಜಪ್ತಿಯಾದ ಮೇಲೆ ಕೇಸ್ ಮುಗಿಯುವವರೆಗೆ ಸಾಕುವುದಕ್ಕೆ 2017ರ ನಿಯಮಗಳಿವೆ. ಬಾಯಲ್ಲಿರೋದು ಮುಳ್ಳು ಕಡಿವಾಣ ಆಗಿದ್ದರೆ ತೊಳೆಯದೆ ಪೊಲೀಸರ ಕೈಗೇ ಕೊಡಿ. 1965ರಿಂದಲೇ ಅದಕ್ಕೆ ನಿಷೇಧವಿದೆ.

ಖಾಲಿಸೈಟು:
ಹಳೇ ಲಾಳ ಸಡಿಲವಾಗಿ ಅಲ್ಲಾಡ್ತಿದೆ. ಕಿತ್ತುಬಿಡಲಾ?

ಲದ್ದಿಲೆಕ್ಕ:
ಎಳೆದರೆ ಗೊರಸಿನ ಗೋಡೆ ಒಡೆಯುತ್ತೆ. ಲಾಳ ಕಟ್ಟುವವರು ಬರಲಿ. ಮೊಳೆಯ ಮಡಿಕೆ ಬಿಡಿಸಿ, ಮೊಳೆ ಒಂದೊಂದಾಗಿ ತೆಗೀತಾರೆ. ಬೆಳೆದ ಗೊರಸನ್ನು ಒಂದೇ ಸಲ ಮೋಟು ಮಾಡಿಸಬೇಡಿ, ನಾಲ್ಕು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಅಲ್ಲಿಯವರೆಗೆ ಗೋಣಿಪಟ್ಟೆ ಸುತ್ತಿ, ಒಣ ನೆಲದಲ್ಲಿ ನಿಲ್ಲಿಸಿ.