ಪಂಚಾಯಿತಿ ದುಡ್ಡಲ್ಲಿ ಆಸ್ಪತ್ರೆಗೆ ಕಮಾನು ಕಟ್ಟಬೇಕಾ, ಸಿಸ್ಟರ್ ಮನೆಗೆ ನೀರು ಕೊಡಬೇಕಾ?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ದೇವದುರ್ಗ ತಾಲೂಕು (ಅಕ್ಟೋಬರ್ 2024)

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ ನಾನು. ಊರಿನ ಹೆಸರು ಹಾಕುವುದಿಲ್ಲ. ನಾಳೆ ಅದೇ ಸಿಬ್ಬಂದಿ ಜೊತೆ ಕೆಲಸ ಮಾಡಬೇಕು ಅಲ್ವಾ.

ನಮ್ಮ ಊರಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ. ಡಾಕ್ಟರು ಹಗಲು ಬರುತ್ತಾರೆ, ಚೆನ್ನಾಗಿ ನೋಡುತ್ತಾರೆ. ಸಂಜೆಯಾದರೆ ಬೀಗ. ಸಿಸ್ಟರ್ ಒಬ್ಬರೇ ಇದ್ದಾರೆ, ಅವರೂ ದಿನಾ ದೇವದುರ್ಗದಿಂದ ಬಸ್ಸಲ್ಲಿ ಬಂದು ಹೋಗುತ್ತಾರೆ. ಹಾಗಂತ ಕ್ವಾರ್ಟರ್ಸ್ ಇಲ್ಲ ಅಂತಲ್ಲ, ಆಸ್ಪತ್ರೆ ಆವರಣದಲ್ಲೇ ಇದೆ. ಹೋದ ವಾರ ಬೀಗ ತೆಗೆಸಿ ಒಳಗೆ ನೋಡಿದೆ. ನಲ್ಲಿ ಇದೆ, ನೀರಿಲ್ಲ. ಪಾಯಿಖಾನೆ ಬಾಗಿಲಿನ ಕೆಳಭಾಗವನ್ನು ಗೆದ್ದಲು ತಿಂದುಹಾಕಿದೆ. ಹಿಂದಿನ ಕಿಟಕಿಗೆ ಚಿಲಕ ಇಲ್ಲ, ಯಾರೋ ತಂತಿ ಸುತ್ತಿ ಬಿಗಿದಿದ್ದಾರೆ. ಇಂಥ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಒಬ್ಬಳೇ ರಾತ್ರಿ ಕಳೆಯಲಿ ಅಂತ ನಾನಂತೂ ಹೇಳಲಾರೆ.

ರಾತ್ರಿ ಹೆರಿಗೆ ನೋವು ಬಂದರೆ ತಾಲೂಕು ಆಸ್ಪತ್ರೆಗೇ ಓಡಬೇಕು. ಊರಾಚೆ ದೊಡ್ಡಿಗಳಲ್ಲಿ (ಹೊಲಗಳ ನಡುವಿನ ಚಿಕ್ಕ ವಸತಿಗಳಲ್ಲಿ) ಇರುವವರ ಪಾಡು ಇನ್ನೂ ಕಷ್ಟ. ಸುಗ್ಗಿ ಮುಗಿದ ಮೇಲೆ ಅರ್ಧ ಜನ ಬೆಂಗಳೂರು ಕಡೆ ಗುಳೆ ಹೋಗುತ್ತಾರೆ. ಮಕ್ಕಳ ಲಸಿಕೆ ಅಲ್ಲಿಗೇ ನಿಂತುಹೋಗುತ್ತದೆ.

ಈಗ ಮುಂದಿನ ವರ್ಷದ ಯೋಜನೆಗೆ ವಾರ್ಡ್ ಸಭೆಗಳು ನಡೆಯುತ್ತಿವೆ. ಆಸ್ಪತ್ರೆಗೆ ಏನಾದರೂ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರೆ, ಅದೇ ಸಂತೋಷ. ಆದರೆ ಜಾಸ್ತಿ ಜನ ಕೇಳುತ್ತಿರುವುದು ಕಾಂಪೌಂಡ್ ಮತ್ತು ಎದುರಿಗೊಂದು ಕಮಾನು. ಕಣ್ಣಿಗೆ ಕಾಣುವ ಕೆಲಸ ಆಗಬೇಕಂತೆ. ನಾನು ಸಿಸ್ಟರ್ ಮನೆ ವಿಷಯ ಎತ್ತಿದರೆ, "ಆರೋಗ್ಯ ನಮ್ಮ ಕೈಲಿಲ್ಲ, ಅದು ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಆಫೀಸಿನ ಕೆಲಸ" ಅಂತ ಮಾತು ಮುಗಿಸುತ್ತಾರೆ.

ಪಂಚಾಯಿತಿ ದುಡ್ಡನ್ನು ಇದಕ್ಕೆ ಹಾಕೋಕೆ ಬರುತ್ತದಾ? ರಾತ್ರಿ ಸಿಸ್ಟರ್ ಬೇಕು ಅಂತ ಯಾರನ್ನು, ಹೇಗೆ ಕೇಳಬೇಕು? ಯಾವುದರಿಂದ ಶುರು ಮಾಡಲಿ? ಕೆಲಸ ಗೊತ್ತಿರುವವರು ಹೇಳಿ, ದಯವಿಟ್ಟು.

ಉತ್ತರ: ನಿವೃತ್ತ ಆರೋಗ್ಯ ನಿರೀಕ್ಷಕ, ಲಿಂಗಸೂಗೂರು

ತಂಗಿ, ನೀವು ಬೀಗ ತೆಗೆಸಿ ಒಳಗೆ ಹೋಗಿ ನೋಡಿದಿರಲ್ಲ, ಅರ್ಧ ಕೆಲಸ ಆಯಿತು. ನಾನು ಸರ್ವಿಸ್‌ನಲ್ಲಿ ಇದ್ದಷ್ಟು ದಿನ ಕ್ವಾರ್ಟರ್ಸ್ ಒಳಗೆ ಕಾಲಿಟ್ಟ ಸದಸ್ಯರನ್ನು ಕಂಡಿದ್ದು ಬಹಳ ಕಡಿಮೆ.

"ಆರೋಗ್ಯ ನಮ್ಮ ಕೈಲಿಲ್ಲ" ಅನ್ನುವ ಮಾತನ್ನು ಒಪ್ಪಬೇಡಿ. ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಪಂಚಾಯಿತಿಗಳಿಗೆ ಅಂತ 29 ವಿಷಯಗಳ ಪಟ್ಟಿ ಇದೆ. ಅದರಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯ ಎಲ್ಲ ಅದರಲ್ಲೇ ಬಂತು. ಸಿಬ್ಬಂದಿ ನೇಮಕ, ಸಂಬಳ, ವರ್ಗಾವಣೆ ನಿಮ್ಮ ಕೈಲಿಲ್ಲ, ಅದು ನಿಜ. ನೀರು, ಪಾಯಿಖಾನೆ, ಚರಂಡಿ, ಬೀದಿದೀಪ ಪೂರ್ತಿ ನಿಮ್ಮವೇ. ಸಿಸ್ಟರ್ ಅಲ್ಲಿ ಉಳಿಯದೇ ಇರೋಕೆ ಕಾರಣ ಇವೇ ಅಲ್ವಾ?

ದುಡ್ಡಿನ ವಿಷಯ. 2026ರ ಮಾರ್ಚ್‌ವರೆಗೆ ನಿಮಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕಟ್ಟುಪಾಡಿನ ದುಡ್ಡು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕ ಹಾಗೆ ಬಳಸಬಹುದು, ಸಂಬಳ ಮತ್ತು ಆಫೀಸ್ ಖರ್ಚಿಗೆ ಮಾತ್ರ ಬರುವುದಿಲ್ಲ. ಹಾಗಾಗಿ ಆಸ್ಪತ್ರೆಗೂ ಕ್ವಾರ್ಟರ್ಸ್‌ಗೂ ಪೈಪ್‌ಲೈನ್, ಮೇಲೊಂದು ಸಿಂಟೆಕ್ಸ್, ಇದನ್ನು ನೀರಿನ ಬಾಬ್ತಿನಲ್ಲಿ ಬರೆಸಿ. ಪಾಯಿಖಾನೆ ದುರಸ್ತಿ, ಇಂಗುಗುಂಡಿ ನೈರ್ಮಲ್ಯದ ಬಾಬ್ತಿಗೆ ಹೋಗಲಿ. ಕಮಾನಿಗೆ ಕೈ ಹಾಕಬೇಕಾದರೆ ಆ ಶೇ 40ರಲ್ಲೇ ಹಾಕಬೇಕು, ಅಂದರೆ ರಸ್ತೆ, ದೀಪದ ದುಡ್ಡಿಗೇ ಕತ್ತರಿ. ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿ. ಯಾರ ಓಣಿಯ ರಸ್ತೆ ನಿಲ್ಲುತ್ತದೆ ಅಂತ ಗೊತ್ತಾದರೆ ಚರ್ಚೆ ತಾನಾಗಿ ಸರಿದಾರಿಗೆ ಬರುತ್ತದೆ.

ಕಿಟಕಿ, ಬಾಗಿಲು, ಚಿಲಕಕ್ಕೆ ಪಂಚಾಯಿತಿ ದುಡ್ಡು ಬೇಡ. ಪ್ರತಿ ಪಿಎಚ್‌ಸಿಗೂ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ) ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಡಾಕ್ಟರೇ ಅದರ ಸದಸ್ಯ ಕಾರ್ಯದರ್ಶಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿ ಪ್ರಕಾರ ವರ್ಷಕ್ಕೆ 1.75 ಲಕ್ಷ ರೂಪಾಯಿವರೆಗೆ ಅಲ್ಲಿಗೆ ಬರಬಹುದು. ಕಟ್ಟಡದ ಸಣ್ಣಪುಟ್ಟ ರಿಪೇರಿ, ಔಷಧಿ ಖಾಲಿಯಾದಾಗ ಸ್ಥಳೀಯ ಖರೀದಿ, ಜನರೇಟರ್ ಡೀಸೆಲ್ ಇದಕ್ಕೆಲ್ಲ ಅದೇ ದುಡ್ಡು. 2021ರಿಂದ ಪದ್ಧತಿ ಬದಲಾಗಿದೆ. ದುಡ್ಡು ಪಿಎಚ್‌ಸಿ ಖಾತೆಯಲ್ಲಿ ಕೂತಿರುವುದಿಲ್ಲ, ಮೇಲಿನ ಒಂದೇ ಖಾತೆಯಲ್ಲಿದ್ದು ಇಲ್ಲಿಗೆ ಖರ್ಚಿನ ಮಿತಿ ಮಾತ್ರ ಬರುತ್ತದೆ. ಪಾಸ್‌ಬುಕ್ ನೋಡಿ "ದುಡ್ಡೇ ಇಲ್ಲ" ಅಂದುಕೊಳ್ಳಬೇಡಿ. ಈ ವರ್ಷದ ಮಿತಿ ಎಷ್ಟು, ಉಳಿದಿದ್ದು ಎಷ್ಟು ಅಂತ ಕೇಳಿ. ಸಮಿತಿ ಸಭೆ ಕೊನೆಗೆ ಯಾವಾಗ ಆಯಿತು ಅಂತ ನಡಾವಳಿ ಪುಸ್ತಕ ತೆಗೆಸಿ ನೋಡಿ. ಮಾರ್ಚ್ ಬಂದ ಮೇಲೆ ಓಡಾಡಿದರೆ ಏನೂ ಪ್ರಯೋಜನ ಇಲ್ಲ.

ಡೀಸೆಲ್ ಅಂದೆನಲ್ಲ, ಅದನ್ನು ಸುಮ್ನೆ ಹೇಳಲಿಲ್ಲ. ಲಸಿಕೆ ತಂಪಾಗಿ ಇಡುವ ಐಎಲ್‌ಆರ್ ಪೆಟ್ಟಿಗೆ ಪಕ್ಕ ಒಂದು ದಾಖಲೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಉಷ್ಣತೆ ಬರೆಯಬೇಕು. 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಆಗ ಜನರೇಟರಿಗೆ ಎಣ್ಣೆ ಇದೆಯಾ ಅನ್ನುವುದರ ಮೇಲೆ ಗುರುವಾರದ ಲಸಿಕೆ ನಿಂತಿದೆ. ಹೋದಾಗ ಆ ಪುಸ್ತಕ ಕೇಳಿ ನೋಡಿ. ಹಾಗೆ ನೋಡುವವರು ಇದ್ದಾರೆ ಅಂತ ಗೊತ್ತಾದರೆ ಬರೆಯುವವರಿಗೂ ಹುರುಪು.

ಇನ್ನು ರಾತ್ರಿ ಸಿಸ್ಟರ್. ದಿನದ 24 ಗಂಟೆ ಹೆರಿಗೆ ಮಾಡಿಸುವ ಪಿಎಚ್‌ಸಿಗೆ ಕನಿಷ್ಠ ಮೂವರು ಬೇಕು. ಪಾಳಿ ಮೇಲೆ ಕೆಲಸ, ಒಬ್ಬರಿಂದ ಆಗುವ ಮಾತೇ ಅಲ್ಲ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಅನ್ನುವುದು ಲೆಕ್ಕ. ಅಂದರೆ ಅದು ನಿಮ್ಮೊಬ್ಬರ ಪಂಚಾಯಿತಿಯದಲ್ಲ, ಅಕ್ಕಪಕ್ಕದ ಪಂಚಾಯಿತಿಗಳದೂ ಹೌದು. ಎಲ್ಲ ಪಂಚಾಯಿತಿಗಳಲ್ಲೂ ಒಂದೇ ಠರಾವು ಆಗಲಿ. ಹೋದ ವರ್ಷ ಎಷ್ಟು ಹೆರಿಗೆ ಆದವು, ಎಷ್ಟು ಹೆಣ್ಣುಮಕ್ಕಳು ರಾತ್ರಿ ತಾಲೂಕಿಗೆ ಹೋದರು, ಎಷ್ಟು ಹೆರಿಗೆ ಮನೆಯಲ್ಲಿ ಇಲ್ಲವೇ ದಾರಿಯಲ್ಲಿ ಆದವು, ಈ ಲೆಕ್ಕ ಅದರಲ್ಲಿರಬೇಕು. ಆಶಾ ಕಾರ್ಯಕರ್ತೆಯರ ಡೈರಿಯಲ್ಲಿ ಎಲ್ಲ ಸಿಗುತ್ತದೆ. ತಾಲೂಕು ಆರೋಗ್ಯ ಅಧಿಕಾರಿ, ಡಿಎಚ್‌ಒ, ಜಿಲ್ಲಾ ಪಂಚಾಯಿತಿ ಸಿಇಒ ಮೂವರಿಗೂ ಕಳಿಸಿ. ಗುತ್ತಿಗೆ ಹುದ್ದೆಗಳು ಆರೋಗ್ಯ ಅಭಿಯಾನದ ಯೋಜನೆಯಿಂದ ಬರುತ್ತವೆ. ಈ ಸಲದ್ದು 2024–26ಕ್ಕೆ ಎರಡು ವರ್ಷಕ್ಕೂ ಸೇರಿಸಿ ಆಗಿದೆ. ಹಾಗಾಗಿ ಪೂರಕ ಪ್ರಸ್ತಾವನೆಯಲ್ಲಿ ಸೇರಿಸಿ ಅಂತ ಕೇಳಿ. ಜೊತೆಗೆ, ಖಾಲಿ ಹುದ್ದೆ ತುಂಬುವವರೆಗೆ ಬೇರೆ ಕಡೆಯಿಂದ ನಿಯೋಜನೆ ಮಾಡಿ ಅಂತಲೂ ಬರೆಯಿರಿ.

ಕೆಲವರು ಹೊಸ ಕಟ್ಟಡ ಕೇಳಿ ಅಂತ ಹೇಳುತ್ತಾರೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿಯ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೂ ಇದೆ. ಕಟ್ಟಡಕ್ಕೆ ದಾರಿಗಳು ಇವೆ. ಆದರೆ ಸಿಬ್ಬಂದಿ ಇಲ್ಲದ ಕಟ್ಟಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಮೊದಲು ಇರುವ ಮನೆಗೆ ನೀರು ಬರಲಿ, ಚಿಲಕ ಬೀಳಲಿ. 371(ಜೆ) ಮೀಸಲಾತಿಯಿಂದ ಈಗ ನಮ್ಮ ಭಾಗದ ಹುಡುಗಿಯರೇ ಹುದ್ದೆಗೆ ಬರುತ್ತಾರೆ. ಇರಲು ಮನೆ ಸರಿಯಾಗಿದ್ದರೆ ಅವರು ಉಳಿಯುತ್ತಾರೆ.

ಉತ್ತರ: ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬೇರೆ ಜಿಲ್ಲೆ

ಸರ್ ಹೇಳಿದ್ದು ಸರಿ. ಕಾಂಪೌಂಡ್ ವಿಷಯದಲ್ಲಿ ಮಾತ್ರ ನನ್ನದೊಂದು ಮಾತು. ಅದನ್ನು ಪೂರ್ತಿ ತಳ್ಳಿಹಾಕಬೇಡಿ. ಆಸ್ಪತ್ರೆ ಹಿಂದೆ ಕಸದ ಗುಂಡಿ ತೆರೆದಿದ್ದರೆ ನಾಯಿ, ಹಂದಿ ನುಗ್ಗಿ ಹತ್ತಿ, ಬ್ಯಾಂಡೇಜ್ ಎಲ್ಲ ಎಳೆದಾಡುತ್ತವೆ. ರಾತ್ರಿ ಸಿಸ್ಟರ್ ಇರಬೇಕು ಅಂದರೆ ಗೇಟ್ ಬೇಕೇ ಬೇಕು. ಕಮಾನು ಬಿಡಿ. ಕ್ವಾರ್ಟರ್ಸ್ ಮತ್ತು ಗುಂಡಿ ಇರುವ ಹಿಂಭಾಗಕ್ಕೆ ತಂತಿ ಬೇಲಿ, ಮುಂದೆ ಒಂದು ಗೇಟ್, ಒಂದು ದೀಪ ಸಾಕು. ಕಾಂಪೌಂಡ್ ಕೇಳಿದವರಿಗೂ ಸಮಾಧಾನ ಆಗುತ್ತದೆ.

ಇನ್ನೊಂದು. ಯೋಜನೆಯಲ್ಲಿ "ಆಸ್ಪತ್ರೆ ಅಭಿವೃದ್ಧಿ" ಅಂತ ಒಂದೇ ಸಾಲು ಬರೆಸಬೇಡಿ, ಪಂಚಾಯಿತಿ ಯೋಜನೆ ಏರಿಸುವ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಹಾಕುವಾಗ ಅದು ಯಾವ ಬಾಬ್ತಿಗೂ ಕೂಡುವುದಿಲ್ಲ. ಕೆಲಸ ಕೆಲಸಕ್ಕೂ ಬೇರೆ ಸಾಲು, ಬೇರೆ ಅಂದಾಜು ಇರಲಿ. ವಾರ್ಡ್ ಸಭೆ ನಡಾವಳಿಯಲ್ಲಿ ಬಂದಿದ್ದನ್ನು ಗ್ರಾಮಸಭೆಯಲ್ಲಿ ಓದಿಸಿ. ಆ ದಿನ ಡಾಕ್ಟರನ್ನೂ ಕರೆಸಿ. ಇಳಿಜಾರು ದಾರಿ, ಗಾಲಿಕುರ್ಚಿಗೆ ಪಂಚಾಯಿತಿ ಸ್ವಂತ ಆದಾಯದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ 5 ಇದೆ, ಅದು ಬಹಳ ಕಡೆ ಹಾಗೇ ಉಳಿದಿರುತ್ತದೆ.

ಉತ್ತರ: ಕಾಸರಗೋಡಿನಿಂದ ಒಬ್ಬ ಕನ್ನಡಿಗ

ಗಡಿಯ ಈಚೆ ಹೇಗಿದೆ ಅಂತ ಹೇಳುತ್ತೇನೆ. ಕೇರಳದಲ್ಲಿ 1996ರ ಜನಕೀಯ ಯೋಜನೆಯ (ಅಧಿಕಾರ, ಹಣ ಪಂಚಾಯಿತಿಗಳಿಗೆ ಕೊಟ್ಟ ಕಾರ್ಯಕ್ರಮದ) ಕಾಲದಿಂದ ಪಿಎಚ್‌ಸಿಗಳನ್ನು ಗ್ರಾಮ ಪಂಚಾಯಿತಿಗೇ ವಹಿಸಿದ್ದಾರೆ. ಆಸ್ಪತ್ರೆ ನಿರ್ವಹಣಾ ಸಮಿತಿಗೆ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು. 2017ರಲ್ಲಿ ಸರ್ಕಾರಿ ಆಸ್ಪತ್ರೆ ಸುಧಾರಣೆಯ ಆರ್ದ್ರಂ ಮಿಷನ್ ಬಂದ ಮೇಲೆ, ಮೇಲ್ದರ್ಜೆಗೇರಿದ ಪಿಎಚ್‌ಸಿಗಳಾದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಸಂಜೆಯೂ ಒಪಿ (ಹೊರರೋಗಿಗಳ ತಪಾಸಣೆ) ಇದೆ. ಅದಕ್ಕೆ ಬೇಕಾದ ಹೆಚ್ಚಿನ ಡಾಕ್ಟರಿಗೆ ಪಂಚಾಯಿತಿಯೇ ತನ್ನ ಯೋಜನಾ ಹಣದಲ್ಲಿ ಸಂಬಳ ಕೊಡುತ್ತದೆ. ಕೂಲಿ ಮುಗಿಸಿ ಬಂದವರು ಅರ್ಧ ದಿನದ ದುಡಿಮೆ ಕಳೆದುಕೊಳ್ಳದೆ ಔಷಧಿ ತಗೊಂಡು ಮನೆಗೆ ಹೋಗುತ್ತಾರೆ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಉಪಶಾಮಕ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ. 2008ರಲ್ಲಿ ರಾಜ್ಯ ಅದಕ್ಕೊಂದು ನೀತಿ ಮಾಡಿತು. ಈಗ ಪಂಚಾಯಿತಿ ನೇಮಿಸಿದ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ನಮ್ಮ ಅಜ್ಜಿಯ ಬೆನ್ನಿನ ಹುಣ್ಣು ತೊಳೆದು, ಮಗ್ಗುಲು ಬದಲಿಸುವುದು ಹೇಗೆ ಅಂತ ಅಮ್ಮನಿಗೆ ಕಲಿಸಿದ್ದು ಅವರೇ.

ಎಲ್ಲವೂ ಸರಿ ಇದೆ ಅಂತ ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳ ಕೊರತೆ ಇದೆ, ದೊಡ್ಡ ಕಾಯಿಲೆಗೆ ಮಂಗಳೂರೇ ಗತಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಆದ್ದರಿಂದ ನೀವು ಯೋಜನೆ ಬರೆಯುವಾಗ, ಇಲ್ಲಿ ಆಗದಿದ್ದರೆ ಎಲ್ಲಿಗೆ, ಯಾವ ಗಾಡಿಯಲ್ಲಿ ಅನ್ನುವುದನ್ನೂ ಬರೆಯಿರಿ.

ಉತ್ತರ: ಆಶಾ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ

ಅಕ್ಕಾ, ಗಾಡಿ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ಇದೆ. ನಿಮ್ಮಂಥ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯದರ್ಶಿ, ಖಾತೆ ಇಬ್ಬರ ಹೆಸರಲ್ಲಿ. ನಿಯಮದಲ್ಲಿ ವರ್ಷಕ್ಕೆ 10,000 ರೂಪಾಯಿ. ಚಿಕ್ಕ ದುಡ್ಡೇ, ಆದರೆ ಬೇಕಾದ ಹೊತ್ತಿಗೆ ಕೈಗೆ ಸಿಗುತ್ತದೆ.

108 ದೊಡ್ಡಿ ತನಕ ಬರುವುದಿಲ್ಲ. ಹಳ್ಳ ಬಂದರೆ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ಅದಕ್ಕೆ ನಾನು ತಾಯಿ ಕಾರ್ಡ್ ನೋಡಿ ಮಳೆಗಾಲದಲ್ಲಿ ಯಾರಿಗೆ ದಿನ ತುಂಬುತ್ತದೆ ಅಂತ ಮೊದಲೇ ಪಟ್ಟಿ ಮಾಡುತ್ತೇನೆ. ಅವರನ್ನು ವಾರ ಮುಂಚೆಯೇ ರಸ್ತೆ ಬದಿ ಊರಿನ ನೆಂಟರ ಮನೆಗೆ ಕರೆಸುತ್ತೇವೆ. ಅಷ್ಟರಲ್ಲೇ ನೋವು ಬಂದರೆ ಟ್ರ್ಯಾಕ್ಟರ್ ಬಾಡಿಗೆ ಸಮಿತಿ ದುಡ್ಡಿನಿಂದ.

ಗುಳೆಗೂ ಹೀಗೇ. ಹೊರಡುವ ಮೊದಲು ಲಸಿಕೆ ಮುಗಿಸಿ, ತಾಯಿ ಕಾರ್ಡ್ ಜೊತೆಗೇ ಕೊಟ್ಟು ಕಳಿಸುತ್ತೇವೆ. ಮೇಸ್ತ್ರಿಯ ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಯುಗಾದಿಗೆ ಎಲ್ಲರೂ ಬರುತ್ತಾರೆ, ಆ ವಾರ ಒಂದು ಹೆಚ್ಚಿನ ಲಸಿಕೆ ದಿನ ಇಡಿ ಅಂತ ಈಗಲೇ ಡಾಕ್ಟರಿಗೆ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ಊರಿನ ಸಮಿತಿಗೆ ಖಾತೆ ಇರುವುದೇ ನನಗೆ ಗೊತ್ತಿರಲಿಲ್ಲ, ನಾಳೆ ಆಶಾ ಅಕ್ಕನ ಜೊತೆ ಬ್ಯಾಂಕಿಗೆ ಹೋಗುತ್ತೇನೆ. ನೀರು, ಪಾಯಿಖಾನೆ, ಹಿಂದಿನ ಬೇಲಿ, ಗೇಟ್, ದೀಪ ಇವಿಷ್ಟನ್ನು ಬೇರೆ ಬೇರೆ ಸಾಲಾಗಿ ಬರೆಸುತ್ತೇನೆ. ಒಂದು ಸಂಶಯ. ಪಕ್ಕದ ಪಂಚಾಯಿತಿಯವರು "ಆಸ್ಪತ್ರೆ ನಿಮ್ಮೂರಲ್ಲಿದೆ, ನಾವ್ಯಾಕೆ ಠರಾವು ಮಾಡಬೇಕು" ಅಂದರೆ?

ನಿವೃತ್ತ ಆರೋಗ್ಯ ನಿರೀಕ್ಷಕ

ಅವರ ಊರಿನ ಆಶಾ ಹತ್ತಿರ ಹೆರಿಗೆ ಲೆಕ್ಕ ತಗೊಂಡು ಹೋಗಿ ತೋರಿಸಿ. ರಾತ್ರಿ ನಿಮ್ಮೂರಿನ ಬೀಗ ನೋಡಿ ಮುಂದೆ ಹೋದವರು ಅವರ ಮನೆಯ ಹೆಣ್ಣುಮಕ್ಕಳೂ ಇರುತ್ತಾರೆ. ಅಧ್ಯಕ್ಷರ ಹತ್ತಿರ ಹೋಗುವ ಮೊದಲು ಅಲ್ಲಿನ ಮಹಿಳಾ ಸದಸ್ಯರನ್ನು ಮಾತಾಡಿಸಿ. ಠರಾವು ಆದ ಮೇಲೆ ಎಲ್ಲವನ್ನೂ ಒಂದೇ ಕಡತ ಮಾಡಿ ತಾಲೂಕು ಆರೋಗ್ಯ ಅಧಿಕಾರಿ ಕಚೇರಿಗೆ ನೀವೇ ಹೋಗಿ ಕೊಡಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರ್ ಹಾಕಿಸಿಕೊಳ್ಳಿ. ಮುಂದೆ ಡಿಎಚ್‌ಒ ಆಫೀಸಿನಲ್ಲಿ ಮೊದಲು ಕೇಳುವುದು ಆ ನಂಬರನ್ನೇ.